ಯಾರನ್ನು ಕೇಳೋದು?

ಕರಾವಳಿಯಲ್ಲಿ ಅಡಿಕೆ ತೋಟ ಇರುವವರಿಗೆ ಏಪ್ರಿಲ್ ಸಂಜೆ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ನಲವತ್ತು ದಿನ ಬಿಸಿಲು ಕಂಡರೇ ಅದು ಚಾಲಿ, ಅಂದ್ರೆ ಒಣಗಿಸಿದ ಅಡಿಕೆ. ಮೂರೂವರೆ, ನಾಲ್ಕು ಗಂಟೆಗೆ ಘಟ್ಟದ ಕಡೆ ಆಕಾಶ ಕಪ್ಪಾಗುತ್ತದೆ, ಒಂದು ತಣ್ಣನೆ ಗಾಳಿ ಬೀಸುತ್ತದೆ, ಆಗ ಮನೆಯಲ್ಲಿದ್ದವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಓಡಬೇಕು, ಅಡಿಕೆ ಬಾಚಿ ರಾಶಿ ಹಾಕಬೇಕು, ಟರ್ಪಾಲು ಎಳೆದು ಮೂಲೆಮೂಲೆಗೆ ಕಲ್ಲು ಹೇರಬೇಕು. ಇಷ್ಟೂ ಹತ್ತು ನಿಮಿಷದಲ್ಲಿ.

ನನ್ನ ತಮ್ಮ ಹಾಗೆ ಟರ್ಪಾಲು ಎಳೆಯುತ್ತಿದ್ದಾಗಲೇ ಸಿಡಿಲು ಬಡಿಯಿತು. ಬಡಿದದ್ದು ಅಂಗಳದ ಅಂಚಿನ ತೆಂಗಿನ ಮರಕ್ಕೆ. ಮರದ ಬುಡದಲ್ಲಿ ಇವನಿದ್ದ. ವಯಸ್ಸು 31. ಊಟ ಮಾಡಿ ಮಲಗಿದ್ದವನನ್ನು "ಏಳು ಮಗಾ, ಅಡಿಕೆ ಒದ್ದೆಯಾಗ್ತದೆ" ಅಂತ ಎಬ್ಬಿಸಿದ್ದು ಅಮ್ಮ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ನಾನು ಬೆಳಿಗ್ಗೆ ಮನೆ ಮುಟ್ಟಿದಾಗ ಅರ್ಧ ಅಂಗಳಕ್ಕೆ ಟರ್ಪಾಲು ಇತ್ತು. ಇನ್ನರ್ಧದಲ್ಲಿ ಅಡಿಕೆ ನೀರಲ್ಲಿ ನೆನೆದು ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಒದ್ದೆ ಅಡಿಕೆಗೆ ಒಂದು ವಾಸನೆ ಇದೆ, ಹುಳಿ ಹುಳಿ. ಈಗಲೂ ಅದು ಮೂಗಿಗೆ ಬಂದರೆ ನನಗೆ ಹೊಟ್ಟೆ ತೊಳಸುತ್ತದೆ.

ಇದಾಗಿ ಆರು ವರ್ಷ. ಇಷ್ಟು ದಿನ ಬರೆಯುವ ಮನಸ್ಸಾಗಿರಲಿಲ್ಲ. ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ "ಎಲ್ಲ ಧರ್ಮಗಳೂ ಹೇಳೋದು ಒಂದೇ ಅಲ್ವಾ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ನಾನೂ ಹೂಂ ಅಂದು ಡಬ್ಬಿ ಮುಚ್ಚಿದೆ. ಆದರೆ ಸಂಜೆವರೆಗೆ ಅದೇ ಮಾತು ತಲೆ ಕೊರೆಯಿತು. ಸುಳ್ಳು ಹೇಳಬೇಡಿ, ಹಸಿದವರಿಗೆ ಅನ್ನ ಹಾಕಿ, ಇಷ್ಟರ ಮಟ್ಟಿಗೆ ಒಂದೇ, ಒಪ್ಪಿದೆ. ಸಾವಿನ ಮನೆಯ ಜಗಲಿಯಲ್ಲಿ ಎರಡು ವಾರ ಕೂತು ಬಂದವರ ಮಾತು ಕೇಳಿ ನೋಡಿ. ಆಗ ಗೊತ್ತಾಗುತ್ತದೆ ಎಷ್ಟು ಬೇರೆ ಅಂತ.

ನಮ್ಮದು ಕಾರ್ಕಳದ ಕಡೆಯ ಒಂದು ಹಳ್ಳಿ. ಪ್ರಾಟೆಸ್ಟೆಂಟ್ ಕ್ರೈಸ್ತರು. ಮನೆಯಲ್ಲಿ ಮಾತು ತುಳು, ಪ್ರಾರ್ಥನೆ ಕನ್ನಡ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಆಮೇಲೆ ಅವರ ಜೊತೆ ಸೇರಿದ ತುಳುವರಲ್ಲಿ ಬಿಲ್ಲವರೇ ಜಾಸ್ತಿ, ನಮ್ಮ ಅಜ್ಜನ ಅಜ್ಜನೂ ಅವರಲ್ಲಿ ಒಬ್ಬ. ಮಿಷನ್ ಸೇರಿದ ಮೇಲೆ ಕಳ್ಳು ಇಳಿಸುವಂತಿಲ್ಲ. ಹೊಟ್ಟೆಪಾಡಿಗೆ ನೇಯ್ಗೆ, 1865ರ ನಂತರ ಹಂಚಿನ ಕಾರ್ಖಾನೆ. ಅವನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಸುಟ್ಟ, ಅವನ ಮಗ ದುಡ್ಡು ಕೂಡಿಸಿ ಈ ತೋಟ ಮಾಡಿದ. ದಾಯಾದಿಗಳಲ್ಲಿ ಅರ್ಧ ಜನ ಇವತ್ತಿಗೂ ದೈವಕ್ಕೆ ನಡೆದುಕೊಳ್ಳುತ್ತಾರೆ. ಪಕ್ಕದ ಮನೆ ಜೈನರದ್ದು. ರಸ್ತೆ ಬದಿಯ ಅಂಗಡಿ ಬ್ಯಾರಿ ಮುಸ್ಲಿಮರದ್ದು. ಇವರೆಲ್ಲ ನಮ್ಮ ಜಗಲಿಯಲ್ಲಿ ಕೂತರು. ಮಾತೆಲ್ಲ ತುಳುವಿನಲ್ಲೇ ನಡೆದದ್ದು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಎಲ್ಲರ ಬಾಯಲ್ಲೂ ಮೊದಲು ಬಂದ ಮಾತು "ಪಾಪ". ಈ ಶಬ್ದದ ವಿಚಿತ್ರ ನೋಡಿ. ಚರ್ಚಿನಲ್ಲಿ ಪಾಪ ಅಂದ್ರೆ ಮಾಡಬಾರದ್ದು ಮಾಡಿದ್ದು. ಜಗಲಿಯಲ್ಲಿ ಪಾಪ ಅಂದ್ರೆ ಅಯ್ಯೋ. ಸತ್ತವನು ಪಾಪ ಮಾಡಿದವನೋ, ಸುಮ್ನೆ ಪಾಪವೋ? ಒಂದೊಂದು ನಂಬಿಕೆಯೂ ತನ್ನ ಗುಟ್ಟು ಬಿಟ್ಟುಕೊಡುವುದು ಈ ಜಾಗದಲ್ಲೇ ಅಂತ ನನಗೆ ಆಮೇಲೆ ಅನ್ನಿಸಿದೆ.

ಆಚೆಮನೆಯ ದೊಡ್ಡಮ್ಮ ಒಬ್ಬರು ಬಂದು ಅಮ್ಮನ ಕೈ ಹಿಡಿದು "ಅವನ ಋಣ ಅಷ್ಟೇ ಇತ್ತು, ನೀವು ಎಬ್ಬಿಸದಿದ್ದರೂ ಅವನು ಆ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲುತ್ತಿದ್ದ" ಅಂದರು. ಹಣೆಬರಹ, ಋಣಾನುಬಂಧ, ಪ್ರಾರಬ್ಧ. ನಾವು ಚರ್ಚಿನವರು ಇದನ್ನು ಕೇಳಿದರೆ ಮೂಗು ಮುರಿಯುತ್ತೇವೆ. ಆದರೆ ನಿಜ ಹೇಳಬೇಕಲ್ಲ, ಮೊದಲ ತಿಂಗಳು ಅಮ್ಮನನ್ನು ಉಳಿಸಿದ್ದು ಆ ಮಾತು. ಸಭಾಪಾಲಕರ ಪ್ರಾರ್ಥನೆಯಿಂದ ಆಗದ ಕೆಲಸ ಅದು. ಎಬ್ಬಿಸಿದ್ದು ನಾನು ಅಂತ ಎದೆ ಹೊಡೆದುಕೊಳ್ಳುತ್ತಿದ್ದವಳಿಗೆ, ಎಬ್ಬಿಸಿದ್ದು ನೀನಲ್ಲ, ಅದು ಮೊದಲೇ ಬರೆದದ್ದು ಅಂತ ಹೇಳುವವರು ಬೇಕಿತ್ತು. ಕರ್ಮ, ಹಣೆಬರಹ ಅಂದ್ರೆ ಬರೀ ಕೈಚೆಲ್ಲಿ ಕೂರುವುದು ಅಂತ ಪ್ರಸಂಗ ಮಾಡುವವರು ಒಮ್ಮೆ ಇಂಥ ಜಗಲಿಗೆ ಬರಬೇಕು.

ತಿಂಗಳಾದ ಮೇಲೆ ಅದೇ ಮಾತು ಮುಳ್ಳಾಯಿತು. ಬರೆದದ್ದು ಅಂದ್ರೆ ಯಾವುದೋ ಲೆಕ್ಕಕ್ಕೆ ಬರೆದಿರಬೇಕು. ಲೆಕ್ಕ ಯಾರದ್ದು? ಅವನದ್ದೇ. ಹಾಗಾದರೆ ನನ್ನ ಮಗ ಯಾವ ಜನ್ಮದಲ್ಲಿ ಏನು ಮಾಡಿದ್ದ? ಅಮ್ಮ ಇದನ್ನು ಯಾರ ಹತ್ತಿರವೂ ಕೇಳಲಿಲ್ಲ. ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ನನ್ನ ಹತ್ತಿರ ಕೇಳಿದಳು. ನಾನು ನಲ್ಲಿ ಜೋರಾಗಿ ತಿರುಗಿಸಿದೆ.

ಜೈನ ಮಾಷ್ಟ್ರು ಬೇರೆ ರೀತಿಯವರು. ನಿವೃತ್ತ ಶಾಲಾ ಮಾಷ್ಟ್ರು, ನನಗೂ ತಮ್ಮನಿಗೂ ಲೆಕ್ಕ ಕಲಿಸಿದವರು. ಮೂರು ದಿನ ಬಂದು ಸುಮ್ಮನೆ ಕೂತು ಹೋದರು. ನಾಲ್ಕನೇ ದಿನ ಎದ್ದು ಹೊರಡುವಾಗ "ಯಾರೂ ಮಾಡಿದ್ದಲ್ಲ ಮಗಾ ಇದು" ಅಂದರು. ಆ ಎರಡು ವಾರದಲ್ಲಿ ನನ್ನ ಎದೆಗೆ ತಾಗಿದ ಮೊದಲ ಮಾತು ಅದು. ನಮ್ಮವರೆಲ್ಲ ಆ ಹೊತ್ತಿಗೆ "ದೇವರ ಚಿತ್ತ, ದೇವರ ಚಿತ್ತ" ಅಂತ ಹೇಳಿ ಹೇಳಿ, ದೇವರೇ ಕಲ್ಲು ಎತ್ತಿ ನನ್ನ ತಮ್ಮನ ತಲೆ ಮೇಲೆ ಹಾಕಿದ ಹಾಗೆ ಮಾಡಿಟ್ಟಿದ್ದರು.

ಜೈನರಲ್ಲಿ ಸೃಷ್ಟಿಕರ್ತ ಅಂತ ಇಲ್ಲ. ಲೋಕಕ್ಕೆ ಆದಿ ಇಲ್ಲ, ಮಾಡಿದವನೂ ಇಲ್ಲ. ಕರ್ಮ ಅಂದ್ರೆ ಅವರಿಗೆ ಯಾರೋ ಬರೆದಿಟ್ಟ ಲೆಕ್ಕದ ಪುಸ್ತಕ ಅಲ್ಲ, ಆತ್ಮಕ್ಕೆ ಅಂಟಿಕೊಳ್ಳುವ ಸೂಕ್ಷ್ಮ ದೂಳು. ಎಣ್ಣೆ ಮೈಗೆ ಮಣ್ಣು ಮೆತ್ತುವ ಹಾಗೆ. ಅಂಟಿಸಲು ಯಾರೂ ಬೇಡ. ತೊಳೆದುಕೊಳ್ಳಬೇಕಾದದ್ದು ನಾವೇ, ಬೇರೆಯವರು ತೊಳೆದುಕೊಡಲು ಬರುವುದಿಲ್ಲ. ತೀರ್ಥಂಕರರು ದಾರಿ ತೋರಿಸಿ ಹೋದವರು, ನಿಮ್ಮ ಮೊರೆ ಅವರನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಅವರು ಮುಕ್ತರೇ ಅಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರು ಸೃಷ್ಟಿಕರ್ತನನ್ನು ನಂಬುವವರಿಗೆ ಹಾಕಿದ ಪ್ರಶ್ನೆಗಳಿವೆ. ಲೋಕ ಮಾಡುವ ಮೊದಲು ಅವನು ಎಲ್ಲಿದ್ದ? ಅವನು ಪೂರ್ಣನಾದರೆ ಮಾಡಬೇಕು ಅಂತ ಆಸೆ ಯಾಕೆ ಬಂತು? ಸುಮ್ನೆ ಆಟಕ್ಕೆ ಮಾಡಿದನೋ? ನಾನು ಸಂಡೇ ಸ್ಕೂಲಿನಲ್ಲಿ ಕಲಿತ ಯಾವುದೂ ಈ ಪ್ರಶ್ನೆಗಳ ಮುಂದೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಅದೂ ಸಾವಿರ ವರ್ಷದ ಹಿಂದೆ, ನಮ್ಮದೇ ನಾಡಿನಲ್ಲಿ ಕೇಳಿದ್ದು.

ಕಾರ್ಕಳದ ಗೊಮ್ಮಟನನ್ನು ಆ ತಿಂಗಳು ಒಮ್ಮೆ ಹೋಗಿ ನೋಡಿದೆ. 1432ರಲ್ಲಿ ನಿಲ್ಲಿಸಿದ್ದು, 42 ಅಡಿ. ಚಿಕ್ಕಂದಿನಿಂದ ಎಷ್ಟು ಸಲ ನೋಡಿಲ್ಲ. ಈ ಸಲ ಕಾಲ ಬುಡದಲ್ಲಿ ನಿಂತು ಮೇಲೆ ನೋಡಿದಾಗ ಕಂಡದ್ದು ಒಂದೇ, ಅವನು ನನ್ನನ್ನು ನೋಡುತ್ತಿಲ್ಲ. ಕಣ್ಣು ನನ್ನ ತಲೆ ಮೇಲಿಂದ ಎಲ್ಲೋ ದೂರಕ್ಕೆ. ಅದು ಕ್ರೌರ್ಯ ಅನ್ನಿಸಲಿಲ್ಲ. ಒಂಥರ ನೆಮ್ಮದಿಯೇ ಆಯಿತು, ಇವನ ಮೇಲೆ ಸಿಟ್ಟು ಮಾಡುವ ಅಗತ್ಯ ಇಲ್ಲ ಅಂತ. ಆದರೆ ಬೆಟ್ಟ ಇಳಿಯುವಾಗ ಸಿಟ್ಟು ಹಾಗೇ ನನ್ನ ಜೊತೆಗೇ ಇಳಿಯಿತು. ಅದನ್ನು ಎಲ್ಲಿ ಇಳಿಸೋದು?

ಮಾಷ್ಟ್ರ ಹತ್ತಿರ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಮನೆಯವಳು ವರ್ಷಕ್ಕೊಮ್ಮೆ ಹೊಂಬುಜಕ್ಕೆ ಹೋಗ್ತಾಳಲ್ಲ, ಪದ್ಮಾವತಿ ದೇವಿಯ ಹತ್ತಿರ. ಹೇಳಿಕೊಳ್ಳಲಿಕ್ಕೆ ಒಬ್ಬರು ಬೇಕು ಅಂತಾಳೆ. ಶಾಸ್ತ್ರ ಒಂದು, ಮನೆ ಒಂದು" ಅಂದರು. ಅವರ ಪ್ರಾಮಾಣಿಕತೆಗೆ ನಾನು ಸೋತೆ.

ನಮ್ಮವರ ಕಥೆಗೆ ಬರುತ್ತೇನೆ. ಇಲ್ಲಿ ನನಗೆ ಹೊಟ್ಟೆಯುರಿ ಜಾಸ್ತಿ. ಒಂದು ಪ್ರಾರ್ಥನಾ ಗುಂಪಿನವರು ಐದನೇ ದಿನ ಬಂದರು. ಹಾಡಿದರು, ಕಣ್ಣೀರು ಹಾಕಿದರು. ಹೊರಡುವಾಗ ಅವರಲ್ಲೊಬ್ಬರು ಅಪ್ಪನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಯಾರಾದರೂ ಬಚ್ಚಿಟ್ಟ ಪಾಪ ಇದ್ದರೆ ಅರಿಕೆ ಮಾಡಿಬಿಡಿ, ಕರ್ತನ ಶಿಸ್ತು ಇದು, ಅಂದರಂತೆ. ಅಪ್ಪ ಮಾತಾಡದೆ ಗೇಟು ತೆರೆದು ನಿಂತರು. ನೋಡಿ, ಇದಕ್ಕೂ ದೊಡ್ಡಮ್ಮನ ಮಾತಿಗೂ ಏನು ವ್ಯತ್ಯಾಸ? ದೊಡ್ಡಮ್ಮನ ಮಾತಿನಲ್ಲಿ ಕರುಣೆ ಇತ್ತು, ಇದರಲ್ಲಿ ಅದೂ ಇಲ್ಲ. ಹೋದ ಜನ್ಮದ ಲೆಕ್ಕವನ್ನು ಈ ಜನ್ಮಕ್ಕೆ ತಂದು, ಮೇಲೆ ಒಬ್ಬ ಲೆಕ್ಕಿಗನನ್ನು ಕೂರಿಸಿದ್ದು ಅಷ್ಟೇ.

ಯೇಸುವಿನ ಹತ್ತಿರ ಇದೇ ಪ್ರಶ್ನೆ ಬಂದಿತ್ತು, ಎರಡು ಸಲ. ಒಮ್ಮೆ ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಕೇಳುತ್ತಾರೆ, ಪಾಪ ಮಾಡಿದ್ದು ಇವನೋ ಇವನ ಅಪ್ಪ ಅಮ್ಮನೋ ಅಂತ. ಹುಟ್ಟುವ ಮೊದಲೇ ಇವನು ಪಾಪ ಮಾಡಿರಬಹುದು ಅನ್ನುವ ಯೋಚನೆ ಅವರಿಗೂ ಇತ್ತು ಅಂತಾಯಿತು. ಯೇಸು ಹೇಳುವುದು, ಇವನೂ ಅಲ್ಲ, ಅವರೂ ಅಲ್ಲ. ಇನ್ನೊಮ್ಮೆ ಯೆರೂಸಲೇಮಿನ ಸಿಲೊವಾಮಿನಲ್ಲಿ ಒಂದು ಗೋಪುರ ಕುಸಿದು 18 ಜನ ಸತ್ತ ಮಾತು ಬರುತ್ತದೆ. ಆ ಹದಿನೆಂಟು ಜನ ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಅವನೇ ಕೇಳಿ, ಅವನೇ ಇಲ್ಲ ಅನ್ನುತ್ತಾನೆ. ಸಿಡಿಲಿನಂಥದ್ದೇ ಸಾವು ಅದು. ಅಲ್ಲೂ ಯಾರೋ ಕೆಲಸ ಮಾಡುತ್ತಿದ್ದರೋ ಏನೋ. ಪಾಪಿಗಳಲ್ಲ ಅವರು, ಪಾಪ. ಕನ್ನಡದಲ್ಲಿ ಇದನ್ನು ಎಷ್ಟು ಸಲೀಸಾಗಿ ಹೇಳಬಹುದು! ಸರಿ, ಆ ಮಾತು ಅಲ್ಲಿಗೇ ನಿಲ್ಲುವುದಿಲ್ಲ, ನೀವೂ ತಿರುಗಿಕೊಳ್ಳಿ ಅನ್ನುವ ಎಚ್ಚರಿಕೆ ಬೆನ್ನಿಗೇ ಇದೆ. ಗೋಪುರ ಯಾಕೆ ಬಿತ್ತು ಅಂತಲೂ ಅವನು ಹೇಳುವುದಿಲ್ಲ. ಲೆಕ್ಕದ ಪುಸ್ತಕವನ್ನು ಕಿತ್ತುಕೊಂಡ, ಬದಲಿಗೆ ಏನೂ ಕೊಡಲಿಲ್ಲ ಅಂತ ಆಗ ನನಗೆ ಅನ್ನಿಸಿತ್ತು.

ಯೋಬನ ಕಥೆ ಓದಿದರೆ ಇನ್ನೂ ಕಷ್ಟ. ಮೊದಲ ಅಧ್ಯಾಯದಲ್ಲೇ ಆಕಾಶದಿಂದ ಬೆಂಕಿ ಬಿದ್ದು ಅವನ ಕುರಿಗಳೂ ಕುರುಬರೂ ಸುಟ್ಟುಹೋಗುತ್ತಾರೆ. ನಾನು ಆರು ವರ್ಷದಲ್ಲಿ ಆ ಸಾಲನ್ನು ದಾಟಿಕೊಂಡೇ ಓದಿದ್ದೇನೆ. ಗಾಳಿಗೆ ಮನೆ ಕುಸಿದು ಹತ್ತು ಮಕ್ಕಳೂ ಸಾಯುತ್ತಾರೆ. ಗೆಳೆಯರು ಬಂದು ಏಳು ದಿನ ಸುಮ್ಮನೆ ಕೂರುತ್ತಾರೆ, ಅದು ಅವರು ಮಾಡಿದ ಒಂದೇ ಒಳ್ಳೆಯ ಕೆಲಸ. ಬಾಯಿ ಬಿಟ್ಟ ಮೇಲೆ ಆ ಪ್ರಾರ್ಥನಾ ಗುಂಪಿನವರ ಮಾತನ್ನೇ ಆಡುತ್ತಾರೆ. ಯೋಬ ಒಪ್ಪುವುದಿಲ್ಲ. ನಾನು ಹೀಗೆ ಅನುಭವಿಸುವಂಥದ್ದು ಏನೂ ಮಾಡಿಲ್ಲ, ದೇವರು ಎದುರಿಗೆ ಬರಲಿ, ನ್ಯಾಯ ಕೇಳುತ್ತೇನೆ ಅಂತ ಪಟ್ಟು ಹಿಡಿಯುತ್ತಾನೆ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ, ಆದರೆ ಒಂದೇ ಒಂದು ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ತಿರುಗಿ ತಾನೇ ಪ್ರಶ್ನೆ ಹಾಕುತ್ತಾನೆ. ಅದರಲ್ಲೊಂದು, ಮಿಂಚುಗಳನ್ನು ಕಳಿಸಲು ನಿನಗೆ ಆಗುತ್ತದಾ, ಅವು ಬಂದು ನಿನ್ನ ಮುಂದೆ ಇಗೋ ಬಂದೆವು ಅನ್ನುತ್ತವಾ ಅಂತ. ಸಿಡಿಲಿಗೆ ತಮ್ಮನನ್ನು ಕೊಟ್ಟವರು ಇದನ್ನು ಓದಬಾರದು. ಪುಸ್ತಕ ಎಸೆಯುವ ಹಾಗಾಗುತ್ತದೆ.

ಆದರೂ ಕೊನೆಯ ಅಧ್ಯಾಯದಲ್ಲಿ ಒಂದು ಮಾತಿದೆ, ಅದಕ್ಕೇ ನಾನು ಆ ಪುಸ್ತಕವನ್ನು ಮತ್ತೆ ಎತ್ತಿಕೊಂಡದ್ದು. ದೇವರು ಗೆಳೆಯರ ಕಡೆ ತಿರುಗಿ, ನನ್ನ ಬಗ್ಗೆ ಸರಿಯಾಗಿ ಮಾತಾಡಿದ್ದು ನೀವಲ್ಲ, ಯೋಬ ಅನ್ನುತ್ತಾನೆ. ದೇವರ ಪರವಾಗಿ ವಾದಿಸಿದವರು ತಪ್ಪು, ದೇವರ ಮೇಲೆ ದೂರು ಹಾಕಿದವನು ಸರಿ. ಇಂಥ ತೀರ್ಪನ್ನು ತನ್ನ ಪವಿತ್ರ ಗ್ರಂಥದಲ್ಲೇ ಇಟ್ಟುಕೊಂಡ ಧರ್ಮ ಅಂತ ನನಗೆ ಸ್ವಲ್ಪ ಹೆಮ್ಮೆ. ಯೆಹೂದ್ಯರಿಂದ ಬಂದ ಆಸ್ತಿ ಅದು, ನಮ್ಮ ಸ್ವಂತದ್ದಲ್ಲ ಅನ್ನುವುದನ್ನೂ ಹೇಳಿಬಿಡಬೇಕು.

ನನ್ನ ಭಾವ ಒಬ್ಬರಿದ್ದಾರೆ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದ ಎಚ್. ನರಸಿಂಹಯ್ಯ ಅಂದ್ರೆ ಅವರಿಗೆ ಪ್ರಾಣ. ಭಾವ ಜಗಲಿಯಲ್ಲಿ ಕೂತು, ಸಿಡಿಲು ಹೋಗುವ ದಾರಿಯಲ್ಲಿ ಗಾಳಿ 30,000 ಡಿಗ್ರಿವರೆಗೆ ಕಾಯುತ್ತದೆ, ಮರದಿಂದ ನೆಲಕ್ಕೆ ಇಳಿದ ಕರೆಂಟು ಹತ್ತಿರ ನಿಂತವರ ಒಂದು ಕಾಲಿಂದ ಹತ್ತಿ ಇನ್ನೊಂದು ಕಾಲಿಂದ ಇಳಿಯುತ್ತದೆ, ಇಷ್ಟೇ ನಡೆದದ್ದು, ಇದರಲ್ಲಿ "ಯಾಕೆ" ಅನ್ನುವ ಪ್ರಶ್ನೆಯೇ ಇಲ್ಲ, "ಹೇಗೆ" ಮಾತ್ರ ಇರೋದು ಅಂದರು. ನನಗೆ ಸಿಟ್ಟು ಬರಲಿಲ್ಲ. ಗೊತ್ತಿದ್ದನ್ನು ಗೊತ್ತಿದ್ದಷ್ಟೇ ಹೇಳುವವರ ಮೇಲೆ ಸಿಟ್ಟು ಯಾಕೆ. ಆದರೆ ಏಳನೇ ದಿನ ಅವರೇ ಮರ ಕೊಯ್ಯುವವನನ್ನು ಕರಕೊಂಡು ಬಂದು, ತುದಿ ಕರಟಿ ನಿಂತಿದ್ದ ಆ ತೆಂಗಿನ ಮರವನ್ನು ಕಡಿಸಿದರು. ಒಣಗಿದ ಮರ ಬೀಳುತ್ತದೆ ಅಂತ ಕಾರಣ ಕೊಟ್ಟರು. ಬಿದ್ದ ಮರದ ಬೊಡ್ಡೆಗೆ ಒಂದು ಒದ್ದದ್ದನ್ನು ನಾನು ಅಡಿಗೆಮನೆ ಕಿಟಕಿಯಿಂದ ನೋಡಿದೆ. ಚಪ್ಪಲಿ ಕಿತ್ತುಹೋಗಿ ಕುಂಟುತ್ತಾ ಬಂದರು. ಭಾವ, ಯಾಕೆ ಅನ್ನುವ ಪ್ರಶ್ನೆ ಇಲ್ಲ ಅಂದಿರಲ್ಲ, ಅಂತ ಕೇಳುವಷ್ಟು ಕೆಟ್ಟವಳಲ್ಲ ನಾನು.

ಅಂಗಡಿಯ ಬ್ಯಾರಿ ಕಾಕ ಬಂದು ಅರಬಿಯಲ್ಲಿ ಇನ್ನಾ ಲಿಲ್ಲಾಹಿ ಅಂದರು. ನಾವು ದೇವರವರು, ತಿರುಗಿ ಅವನ ಹತ್ತಿರವೇ ಹೋಗುವವರು ಅಂತ ಅದರ ಅರ್ಥ. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು, ತಮ್ಮನ ಹೆಸರಿನಲ್ಲಿ ಅಂಗಡಿಯಲ್ಲಿದ್ದ ಸಾಲದ ಲೆಕ್ಕ, ಅಪ್ಪನ ಮುಂದೆಯೇ ಹರಿದರು. "ಮೇಲೆ ಹೋದವನಿಗೆ ಬಾಕಿ ಇರಬಾರದು." ಇನ್ನೂರೋ ಮುನ್ನೂರೋ ರೂಪಾಯಿ ಇದ್ದೀತು. ಅಷ್ಟೇ ಮಾಡಿದರು, ಚಾ ಕುಡಿಯದೆ ಹೋದರು.

ದಾಯಾದಿಗಳ ಮಾತು ನನಗೆ ತಡವಾಗಿ ಗೊತ್ತಾಯಿತು. ಒಮ್ಮೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸೋಣ, ಅಜ್ಜನ ಅಜ್ಜ ದೈವವನ್ನು ಬಿಟ್ಟು ಹೋದದ್ದಕ್ಕೆ ಏನಾದರೂ ಬಾಕಿ ಇದೆಯೋ ಅಂತ ಅವರವರೇ ಮಾತಾಡಿಕೊಂಡಿದ್ದರಂತೆ. ಕೇಳಿ ಮೈ ಉರಿಯಿತು. ಆದರೆ ದೈವದ ವಿಷಯದಲ್ಲಿ ನನಗೆ ಒಂದು ಹೊಟ್ಟೆಕಿಚ್ಚೂ ಇದೆ. ಕೋಲದಲ್ಲಿ ದೈವ ಎದುರಿಗೆ ನಿಂತು ಹೆಸರು ಹಿಡಿದು ಮಾತಾಡುತ್ತದೆ. ಜನ ಎದುರುತ್ತರ ಕೊಡುತ್ತಾರೆ. ಇಷ್ಟು ವರ್ಷ ನಂಬಿದೆವಲ್ಲ, ಯಾಕೆ ಕೈಬಿಟ್ಟೆ ಅಂತ ಅಳುತ್ತಾ ಕೇಳಿದವರನ್ನು ನೋಡಿದ್ದೇನೆ, ದೈವ ನುಡಿ ಕೊಟ್ಟದ್ದನ್ನೂ ಕೇಳಿದ್ದೇನೆ. ನಮ್ಮ ಚರ್ಚಿನ ಬೆಂಚಿನಲ್ಲಿ ಕೂತವರಿಗೆ ಆ ಭಾಗ್ಯ ಇಲ್ಲ.

ಇನ್ನೂ ಒಂದಿದೆ. ತುಳುನಾಡಿನ ಎಷ್ಟೋ ದೈವಗಳು ಮೊದಲು ಮನುಷ್ಯರೇ, ಅದರಲ್ಲೂ ಅನ್ಯಾಯಕ್ಕೆ ಸಿಕ್ಕಿದವರು. ನಮ್ಮ ಕಾರ್ಕಳದ್ದೇ ಕಲ್ಕುಡನ ಪಾಡ್ದನ, ಅಂದ್ರೆ ದೈವದ ಹಾಡುಗತೆ, ತಗೊಳ್ಳಿ. ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಅವನು, ಇಂಥದ್ದನ್ನು ಬೇರೆ ಕಡೆ ಕೆತ್ತಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಒಂದು ಕೈಯಲ್ಲೇ ಅವನು ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ಕೆತ್ತಿದ. ಆಮೇಲೆ ಅವನೂ ತಂಗಿ ಕಲ್ಲುರ್ಟಿಯೂ ಮಾಯಕಕ್ಕೆ ಸಂದು ದೈವಗಳಾದರು, ಅರಸನ ಅರಮನೆಗೆ ಬೆಂಕಿಯಾಗಿ ಕಾಡಿದರು. ಅಂದ್ರೆ ನಮ್ಮ ಹಿರಿಯರಿಗೆ ಗೊತ್ತಿತ್ತು, ದೈವತ್ವ ಇರುವುದು ಕತ್ತಿ ಹಿಡಿದವನ ಕಡೆ ಅಲ್ಲ, ಕೈ ಕಳಕೊಂಡವನ ಕಡೆ ಅಂತ. ಅಜ್ಜನ ಅಜ್ಜನಿಗೆ ಪಾದ್ರಿಗಳು ಶಿಲುಬೆಯ ಕಥೆ ಹೇಳಿದಾಗ ಅದು ಅವನಿಗೆ ಹೊಸದು ಅನ್ನಿಸಿರಲಿಕ್ಕಿಲ್ಲ ಅಂತ ನನ್ನ ಊಹೆ. ಅನ್ಯಾಯವಾಗಿ ಸತ್ತವನು ದೇವರು, ಸರಿ, ಗೊತ್ತಿದ್ದದ್ದೇ. ಮೊಳೆ ಹೊಡೆದವರನ್ನು ಕ್ಷಮಿಸು ಅಂತ ಯೇಸು ಬೇಡಿಕೊಂಡ ಅಂದಾಗ ಮಾತ್ರ ಅಜ್ಜನ ಅಜ್ಜ ತಲೆ ಎತ್ತಿ ನೋಡಿರಬೇಕು. ಕಲ್ಕುಡ ಹಾಗೆ ಮಾಡುತ್ತಿರಲಿಲ್ಲ.

ಇನ್ನೊಂದು ವ್ಯತ್ಯಾಸವನ್ನು ನನಗೆ ತೋರಿಸಿಕೊಟ್ಟದ್ದು ಉಡುಪಿಯ ಗೆಳತಿ. ಮಾಧ್ವರ ಮನೆಯವಳು, ಅಪ್ಪ ಸಂಸ್ಕೃತ ಪಂಡಿತರು. ಹದಿಮೂರನೇ ಶತಮಾನದ ಮಧ್ವಾಚಾರ್ಯರ ಮತ ಮೇಲಿಂದ ನೋಡಿದರೆ ನಮಗೆ ತುಂಬ ಹತ್ತಿರ. ದೇವರು ಬೇರೆ, ಜೀವ ಬೇರೆ, ಅವನು ಸ್ವತಂತ್ರ, ನಾವು ಪರತಂತ್ರ, ಭಕ್ತಿಯೂ ಕೃಪೆಯೂ ಇಲ್ಲದೆ ಬಿಡುಗಡೆ ಇಲ್ಲ. ಈ ಹೋಲಿಕೆ ಕಂಡು ಹತ್ತೊಂಬತ್ತನೇ ಶತಮಾನದ ಕೆಲವು ಇಂಗ್ಲಿಷ್ ವಿದ್ವಾಂಸರು, ಕ್ರೈಸ್ತರಿಂದಲೇ ಮಧ್ವರು ಕಲಿತಿರಬೇಕು ಅಂತ ಹೇಳಿದ್ದೂ ಉಂಟು. ನನಗೆ ಅದು ದುರಹಂಕಾರದ ಮಾತು ಅನ್ನಿಸುತ್ತದೆ. ಆದರೆ ಗೆಳತಿ ಕೇಳಿದ ಪ್ರಶ್ನೆ ಹರಿತವಾಗಿತ್ತು. "ನಿಮ್ಮ ದೇವರು ಅಷ್ಟು ಅತ್ತನಾ? ನಿಜಕ್ಕೂ ನೋವಾಯಿತಾ ಅವನಿಗೆ?" ಹೌದು ಅಂದೆ. "ನಮ್ಮಲ್ಲಿ ರಾಮ ಸೀತೆಗಾಗಿ ಅತ್ತದ್ದು ಲೋಕಕ್ಕೆ ತೋರಿಸಲು. ಅವನ ಮೈ ನಮ್ಮ ಹಾಗೆ ರಕ್ತಮಾಂಸದ್ದಲ್ಲ, ಅವನಿಗೆ ದುಃಖ ಮುಟ್ಟುವುದಿಲ್ಲ. ಮುಟ್ಟಿದರೆ ದೇವರು ಹೇಗೆ?"

ಅವಳ ಪ್ರಶ್ನೆ ಸರಿಯಾದ ಪ್ರಶ್ನೆ. ಬ್ಯಾರಿ ಕಾಕನ ಕುರಾನೂ ಅದನ್ನೇ ಹೇಳುತ್ತದೆ, ಈಸಾನನ್ನು, ಅಂದ್ರೆ ಯೇಸುವನ್ನು, ಅವರು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲೂ ಇಲ್ಲ, ಹಾಗೆ ಅವರಿಗೆ ತೋರಿತು ಅಷ್ಟೇ ಅಂತ. ತನ್ನ ಪ್ರವಾದಿಗೆ ಅಂಥ ಅವಮಾನ ಆಗಲು ದೇವರು ಬಿಡುವುದಿಲ್ಲ ಅನ್ನುವ ಗೌರವ ಅದು. ಮೊದಮೊದಲ ಕ್ರೈಸ್ತರಲ್ಲೂ ಒಂದು ಪಂಗಡ ಹೀಗೇ ವಾದಿಸಿತ್ತು, ಯೇಸುವಿನ ಮೈ ಬರೀ ತೋರಿಕೆ ಅಂತ. ಕ್ರೈಸ್ತ ಸಭೆ ಅದನ್ನು ಒಪ್ಪಲಿಲ್ಲ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕಿದ ಒಂದು ಗೋಡೆಗೀರು ಇದೆ, ಸುಮಾರು ಸಾವಿರದ ಎಂಟುನೂರು ವರ್ಷ ಹಳೆಯದು. ಕತ್ತೆತಲೆಯ ಮನುಷ್ಯನೊಬ್ಬ ಶಿಲುಬೆಯಲ್ಲಿ ನೇತಾಡುತ್ತಿದ್ದಾನೆ, ಕೆಳಗೆ ಇನ್ನೊಬ್ಬ ಕೈಯೆತ್ತಿ ನಿಂತಿದ್ದಾನೆ, ಅಲೆಕ್ಸಮೆನೊಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಅಂತ ಗ್ರೀಕಿನಲ್ಲಿ ಗೀಚಿದೆ. ಯಾರೋ ಪಡ್ಡೆ ಹುಡುಗ ಕ್ರೈಸ್ತ ಗೆಳೆಯನನ್ನು ಗೇಲಿ ಮಾಡಿದ್ದು. ದೇವರು ಅಂತೆ, ನೇಣಿಗೆ ಹಾಕಿಸಿಕೊಂಡನಂತೆ! ಆ ಪಡ್ಡೆಗೆ ನಮ್ಮ ಎಷ್ಟೋ ಪ್ರಸಂಗಿಗಳಿಗಿಂತ ಚೆನ್ನಾಗಿ ವಿಷಯ ಅರ್ಥವಾಗಿತ್ತು. ದೇವರು ಒಬ್ಬನೇ, ದೇವರು ಕರುಣಾಳು ಅಂತ ಹೇಳಲು ಕ್ರೈಸ್ತನೇ ಆಗಬೇಕಾಗಿಲ್ಲ. ದೇವರು ಸತ್ತ, ನಿಜವಾಗಿ ನೋವು ತಿಂದು ಸತ್ತ ಅಂತ ಹೇಳಲು ಮಾತ್ರ ನಾಲಿಗೆ ತಡವರಿಸುತ್ತದೆ.

ಇದು ನನ್ನ ಸಿಡಿಲಿಗೆ ಉತ್ತರವಾ? ಅಲ್ಲ. ಸರ್ವಶಕ್ತನಾದರೆ ಯಾಕೆ ತಡೆಯಲಿಲ್ಲ ಅನ್ನುವ ಪ್ರಶ್ನೆ ಹಾಗೇ ನಿಂತಿದೆ, ಜಿನಸೇನಾಚಾರ್ಯರದ್ದೂ ನಿಂತಿದೆ. ಕರ್ಮಕ್ಕೆ ಉತ್ತರ ಇದೆ, ಕೇಳಲು ಯಾರೂ ಇಲ್ಲ. ನಮ್ಮಲ್ಲಿ ಕೇಳಲು ಒಬ್ಬನಿದ್ದಾನೆ, ಉತ್ತರ ಇಲ್ಲ. ನನಗೆ ಎರಡನೆಯದೇ ಬೇಕಾಯಿತು. ಅದು ಹೆಚ್ಚು ಸತ್ಯ ಅಂತ ಸಾಧಿಸಿ ತೋರಿಸಲು ನನ್ನಿಂದ ಆಗದು. ಹರಿದಾಸರೂ ವಿಠಲನನ್ನು ಬಾಯಿಗೆ ಬಂದ ಹಾಗೆ ಬೈದಿದ್ದಾರೆ, ಹಾಗಾಗಿ ಜಗಳದ ಹಕ್ಕು ನಮ್ಮೊಬ್ಬರದ್ದೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಕನ್ನಡದಲ್ಲಿ ಅಪ್ಪನಿಗೆ ನೀವು ಅನ್ನುವ ಮನೆಗಳಲ್ಲೂ ದೇವರಿಗೆ ನೀನು ಅಂತಲೇ ಅನ್ನುತ್ತೇವೆ, ಎಲ್ಲ ಮತದವರೂ.

ಅಮ್ಮ ಹನ್ನೊಂದು ತಿಂಗಳು ಪ್ರಾರ್ಥನೆ ಮಾಡಲಿಲ್ಲ. ಚರ್ಚಿಗೆ ಬರುತ್ತಿದ್ದಳು, ಸಂಗೀತದ ಪುಸ್ತಕ ಮಡಿಲಲ್ಲಿ ಮುಚ್ಚಿಟ್ಟು ಕೂರುತ್ತಿದ್ದಳು. ಸಭಾಪಾಲಕರು ಒಳ್ಳೆಯವರು, ಒತ್ತಾಯ ಮಾಡಲಿಲ್ಲ. ಮರುವರ್ಷ ಶುಭ ಶುಕ್ರವಾರ ಬಂತು. ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಆರಾಧನೆ. ಸೆಕೆಗೆ ಫ್ಯಾನೂ ಬಿಸಿಗಾಳಿ ಹಾಕುತ್ತಿತ್ತು. ನಾಲ್ಕನೇ ಮಾತಿಗೆ ಬಂದಾಗ ಓದಿದರು, "ಏಲೀ, ಏಲೀ, ಲಮಾ ಸಬಕ್ತಾನೀ", ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ. ಅಮ್ಮ ನನ್ನ ಮೊಣಕೈ ತಿವಿದು, ಮೆಲ್ಲಗೆ ಅಂತ ಅಂದುಕೊಂಡು ಸಾಕಷ್ಟು ಜೋರಾಗಿಯೇ ಕೇಳಿದಳು.

"ಆಮೇಲೆ ಏನಂದ ಅವನ ಅಪ್ಪ?"

"ಏನೂ ಅನ್ನಲಿಲ್ಲಮ್ಮ."

"ಅವನಿಗೂ ಇಲ್ವಾ" ಅಂದಳು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಇವಳು ಪುಸ್ತಕ ತೆರೆದಳು, ತಲೆಕೆಳಗಾಗಿ ಹಿಡಿದಿದ್ದಳು, ಸರಿ ಮಾಡಿಕೊಂಡಳು.

ಈಗ ನಮ್ಮಲ್ಲಿ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಮಾಡಿನ ಚಪ್ಪರ ಇದೆ, ಟರ್ಪಾಲು ಎಳೆಯುವ ಗೋಜಿಲ್ಲ. ಈ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಮಾಷ್ಟ್ರು ಬಂದು ಜಗಲಿಯಲ್ಲಿ ಕೂತಿದ್ದರು, ವಯಸ್ಸು ಎಂಬತ್ತು ದಾಟಿದೆ. ಘಟ್ಟದ ಕಡೆ ಗುಡುಗಿತು. ಅಮ್ಮ ಒಳಗಿಂದ ಬಂದು ಕಿಟಕಿ ಬಾಗಿಲು ದಡದಡ ಹಾಕುತ್ತಾ, ಆಕಾಶದ ಕಡೆ ಮುಖ ಮಾಡಿ "ಸಾಕು ಮಾಡು ನಿನ್ನ ಆಟ, ನಾಚಿಕೆ ಇಲ್ಲದವನೇ" ಅಂದಳು. ಪ್ರತಿ ಗುಡುಗಿಗೂ ಹೀಗೇ ಅಂತೆ, ಸಭಾಪಾಲಕರು ಮನೆಗೆ ಬಂದಿದ್ದ ದಿನವೂ ಬಿಟ್ಟಿಲ್ಲವಂತೆ. ಮಾಷ್ಟ್ರು ನನ್ನ ಕಡೆ ನೋಡಿ, "ಯಾರಿಗೆ ಬೈಯೋದು ಇವಳು?" ಅಂದರು.

"ದೇವರಿಗೆ, ಮಾಷ್ಟ್ರೇ."

"ಉತ್ತರ ಬಂತಾ?"

"ಇಲ್ಲ."

ಅವರು ನಕ್ಕರು. ನಕ್ಕು, ಸೋಸಿದ ನೀರು ಒಂದು ಲೋಟ ಕೇಳಿ ಕುಡಿದು, ಕತ್ತಲೆ ಆಗುವ ಮೊದಲು ಊಟ ಆಗಬೇಕು ಅಂತ ಕೊಡೆ ಬಿಚ್ಚಿಕೊಂಡು ಹೊರಟರು. ಅಮ್ಮ ಹಿಂದಿನಿಂದ ಕೂಗಿದಳು, "ಮರದ ಅಡಿಯಲ್ಲಿ ಹೋಗಬೇಡಿ ಮಾಷ್ಟ್ರೇ, ಗದ್ದೆ ಬದಿಯಲ್ಲೂ ಬೇಡ, ನಿಲ್ಲಿ, ಮಳೆ ಹೋಗಲಿ." ಅವರು ನಿಂತರು.